ಬೆಂಕಿಯ ಪ್ರಶ್ನೆ ಬಿಟ್ಟ ಮೇಡಂ

ಮೇಡಂ ತೀರಿಕೊಂಡ ಮೇಲೆ ತುಮಕೂರಿನಲ್ಲಿ ಅವರ ಹಳೆಯ ಸಹೋದ್ಯೋಗಿಗಳು ಒಂದು ಸಣ್ಣ ಸಭೆ ಮಾಡಿದರು. ಒಬ್ಬರಾದ ಮೇಲೊಬ್ಬರು ಎದ್ದು ನಿಂತು "ಶಾಂತ ಸ್ವಭಾವದವರು, ಸಮಾಧಾನದ ಮೂರ್ತಿ" ಎಂದು ಹೊಗಳಿದರು. ನಾನು ಹಿಂದಿನ ಸಾಲಿನಲ್ಲಿ ಕೂತು ಹಲ್ಲು ಕಡಿಯುತ್ತಿದ್ದೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು, ಸರಿ. ಒಳ್ಳೆಯದು ಹೇಳುವುದಕ್ಕೆ ಸುಳ್ಳೇ ಆಗಬೇಕೆ? ಆ ಹೆಂಗಸು ಸಮಾಧಾನವಾಗಿ ಕೂತದ್ದನ್ನು ನಾನು ಒಂದು ದಿನವೂ ಕಂಡವಳಲ್ಲ. ಗಾಬರಿ ಅವರ ಹುಟ್ಟುಗುಣ. ಆ ಗಾಬರಿಯಿಂದಲೇ ನಾನು ಉಳಿದವಳು. ಅದನ್ನು ಯಾರೋ ಬಂದು ಒರೆಸಿಹಾಕಿದರೆ ನನಗೆ ಸಿಟ್ಟು ಬರುತ್ತದೆ.

ಇದನ್ನು ನಾನು ಬಾಯಲ್ಲಿ ಹೇಳುತ್ತಿದ್ದೇನೆ, ಮಗಳು ಬರೆದುಕೊಳ್ಳುತ್ತಿದ್ದಾಳೆ. ಒತ್ತಕ್ಷರ ಎಲ್ಲಾದರೂ ತಪ್ಪಿದ್ದರೆ ಅದು ಅವಳದ್ದು. ನನ್ನ ಕೈಯಲ್ಲೇ ಬರೆಸಿದ್ದರೆ ಇಷ್ಟಕ್ಕೇ ಒಂದು ವಾರ ಹಿಡಿಯುತ್ತಿತ್ತು. ಯಾಕೆ ಅನ್ನುವುದನ್ನು ಹೇಳಿದರೆ ಮೇಡಂ ಯಾರು ಅನ್ನುವುದೂ ತಿಳಿಯುತ್ತದೆ.

ಎಪ್ಪತ್ತರ ದಶಕದ ಕೊನೆ. ಮೇಡಂ ತುಮಕೂರಿನಲ್ಲಿ ಮೇಷ್ಟ್ರುಗಳಿಗೆ ತರಬೇತಿ ಕೊಡುವ ಒಂದು ಸಂಸ್ಥೆಯಲ್ಲಿ ಮನಶ್ಶಾಸ್ತ್ರ ಪಾಠ ಮಾಡುತ್ತಿದ್ದರು. ಶನಿವಾರ ಮಧ್ಯಾಹ್ನ ಮಾತ್ರ ಹಿಂದಿನ ಒಂದು ಕೋಣೆಯಲ್ಲಿ, ಓದು ಹತ್ತದ ಮಕ್ಕಳನ್ನು ಕೂರಿಸಿಕೊಂಡು ಪರೀಕ್ಷೆ ಮಾಡುತ್ತಿದ್ದರು. ಸುತ್ತಲ ಊರುಗಳಲ್ಲಿ ಅವರ ಹೆಸರು "ಬುದ್ಧಿ ಅಳೆಯೋ ಮೇಡಂ". ಹಾಲು ಅಳೆದಂಗೆ ಬುದ್ಧೀನೂ ಅಳೀತಾರಂತೆ ಎಂದು ನಮ್ಮಜ್ಜಿ ಬೆರಗಾಗಿದ್ದಳು.

ಮೇಡಂ ಉದ್ದಕ್ಕೆ, ಸಣ್ಣಗೆ ಇದ್ದರು. ಕುರ್ಚಿಯ ತುದಿಯಲ್ಲೇ ಕೂರುವರು. ಸೆರಗಿನ ಚುಂಗನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಬಾಯಲ್ಲಿ ಸದಾ ಒಂದು ಲವಂಗ. ಹೊತ್ತು ನೋಡುವ ಗಡಿಯಾರವನ್ನು ಹತ್ತಿ ತುಂಬಿದ ಬಿಸ್ಕತ್ತಿನ ಡಬ್ಬಿಯೊಳಗೆ ಇಟ್ಟುಕೊಳ್ಳುತ್ತಿದ್ದರು. ಟಿಕ್ ಟಿಕ್ ಕೇಳಿದರೆ ಮಕ್ಕಳ ಎದೆ ಹೊಡೆದುಕೊಳ್ಳುತ್ತದೆ ಎಂದು ಅವರ ವಾದ. ಹೊಡೆದುಕೊಳ್ಳುತ್ತಿದ್ದದ್ದು ಅವರ ಎದೆಯೇ ಎಂದು ನನ್ನ ಅನುಮಾನ. ಮೈಸೂರಿನವರಾದ್ದರಿಂದ ಮೊದಲು ಪುಸ್ತಕದ ಹಾಗೆ ಮಾತಾಡುತ್ತಿದ್ದರಂತೆ. ನಾನು ನೋಡುವ ಹೊತ್ತಿಗೆ ನಮ್ಮ ಮಾತು ಕಲಿಯುವ ಹುಚ್ಚು ಹತ್ತಿತ್ತು. ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸನ್ನು "ನಿಮ್ಮೂರಲ್ಲಿ ಹೋಲಿಕೆ ಅನ್ನೋದಕ್ಕೆ ಏನಂತೀರಮ್ಮ?" ಎಂದು ಕೇಳಿಬಿಡುವರು. ಆಕೆ ಇವರಿಗೆ ತಲೆ ನೆಟ್ಟಗಿಲ್ಲ ಎಂದುಕೊಂಡು ಆಚೆ ಸರಿದು ಕೂರುವಳು.

ನಮ್ಮಪ್ಪ ಗುಬ್ಬಿಯ ಒಂದು ಮಾಧ್ಯಮಿಕ ಶಾಲೆಯಲ್ಲಿ ಮೇಷ್ಟ್ರು. ನಾನು ಅದೇ ಶಾಲೆಯಲ್ಲಿ ಐದನೇ ಕ್ಲಾಸು. ಮೇಷ್ಟ್ರ ಮಗಳಿಗೆ ಅಕ್ಷರ ಬರುವುದಿಲ್ಲ ಎಂದು ಊರೆಲ್ಲ ಗೊತ್ತಾಗಿತ್ತು. ದೀಪದ ಕೆಳಗೇ ಕತ್ತಲು ಎಂದು ಜನ ಅಪ್ಪನ ಎದುರಿಗೇ ಹೇಳುತ್ತಿದ್ದರು. ಪಾಠ ಓದು ಎಂದರೆ ಗಡಗಡ ಓದುತ್ತಿದ್ದೆ. ಮಗ್ಗಿ ಹಿಂದುಮುಂದಾಗಿ ಹೇಳುತ್ತಿದ್ದೆ. ಬರೆ ಎಂದರೆ ಮಾತ್ರ ಕೈ ಕಲ್ಲು. ಘ, ಷ, ಫ ಮೂರೂ ನನಗೆ ಒಂದೇ. ಕನ್ನಡದ ಅಕ್ಷರ ಜಿಲೇಬಿ ಎಂದು ಹೊರಗಿನವರು ತಮಾಷೆ ಮಾಡುತ್ತಾರಲ್ಲ, ನನಗೆ ಅದು ತಮಾಷೆಯಾಗಿರಲಿಲ್ಲ. ಅಪ್ಪ ಬೆರಳಿನ ಗೆಣ್ಣಿಗೆ ಅಡಿಕೋಲಿನಲ್ಲಿ ಹೊಡೆದರು. ಅಮ್ಮ ದಿನಾ ಒಂದೆಲಗದ ಚಟ್ನಿ ತಿನ್ನಿಸಿದಳು, ಜ್ಞಾಪಕಶಕ್ತಿ ಬರಲಿ ಎಂದು. ಜ್ಞಾಪಕಶಕ್ತಿಯೊಂದೇ ನನ್ನ ಹತ್ತಿರ ಇದ್ದದ್ದು ಅಂತ ಪಾಪ ಅವಳಿಗೇನು ಗೊತ್ತು.

ಏಳನೇ ಕ್ಲಾಸಿಗೆ ಆಗ ಪಬ್ಲಿಕ್ ಪರೀಕ್ಷೆ. ಹೆಡ್‌ಮಾಸ್ಟರಿಗೆ ಶಾಲೆಯ ರಿಸಲ್ಟಿನ ಚಿಂತೆ. ಒಂದು ದಿನ ಅಪ್ಪನನ್ನು ಕರೆದು, ಬೆಂಗಳೂರಿನಲ್ಲಿ ಬುದ್ಧಿಮಾಂದ್ಯ ಮಕ್ಕಳ ಹಾಸ್ಟೆಲ್ ಇದೆ, ಅಲ್ಲಿಗೆ ಸೇರಿಸಿಬಿಡಿ ಎಂದರು. ಅಪ್ಪ ಗೋಗರೆದರಂತೆ. ಕೊನೆಗೆ, "ತುಮಕೂರಿನ ಮೇಡಂ ಹತ್ರ ತೋರ್ಸಿ. ಬುದ್ಧಿ ಐತೆ ಅಂತ ಅವರು ಬರ್ಕೊಟ್ರೆ ಇರ್ಲಿ. ಇಲ್ಲಾಂದ್ರೆ ದಸರಾ ರಜ ಮುಗಿಯೋದ್ರೊಳಗೆ ಹಾಸ್ಟೆಲ್ಲು" ಎಂದು ತೀರ್ಮಾನವಾಯಿತು. ಇದನ್ನು ನಾನು ಸ್ಟಾಫ್ ರೂಮಿನ ಕಿಟಕಿಯ ಕೆಳಗೆ ನಿಂತು ಕೇಳಿಸಿಕೊಂಡೆ. ಅವತ್ತಿನಿಂದ ನನಗೆ ಊಟ ಸೇರಲಿಲ್ಲ. 

ಅಪ್ಪನಿಗೂ ಅಷ್ಟೇ ಭಯ. ಆದರೆ ಮೇಷ್ಟ್ರಲ್ಲವೇ, ಪರೀಕ್ಷೆ ಎಂದ ಕೂಡಲೇ ಅವರಿಗೆ ತೋಚಿದ್ದು ಒಂದೇ. ನಿಟ್ಟೂರಿನ ಇನ್ನೊಬ್ಬ ಮೇಷ್ಟ್ರು ಕೆಲವು ವರ್ಷದ ಹಿಂದೆ ತಂಗಿಯ ಮಗನನ್ನು ಮೇಡಂ ಹತ್ತಿರ ತೋರಿಸಿಕೊಂಡು ಬಂದಿದ್ದರು. ಅಪ್ಪ ಅವರ ಮನೆಗೆ ಹೋಗಿ, ಯಾವ ಯಾವ ಪ್ರಶ್ನೆ ಬಂದಿತ್ತು ಎಂದು ಕೇಳಿಕೊಂಡು ಬಂದರು. ಆಮೇಲೆ ಪ್ರತಿಯೊಂದಕ್ಕೂ ಉತ್ತರ ತಯಾರು ಮಾಡಿ ನನಗೆ ಬಾಯಿಪಾಠ ಮಾಡಿಸಿದರು. ಗುಬ್ಬಿಯಿಂದ ತುಮಕೂರಿನವರೆಗೆ ಬಸ್ಸಿನಲ್ಲೂ ಬಿಡಲಿಲ್ಲ. "ಹೇಳ್ಕೊಟ್ಟಂಗೆ ಹೇಳ್ಬೇಕು. ಒಂದಕ್ಷರ ಆಚೆ ಈಚೆ ಆಗ್ಬಾರ್ದು. ಆದ್ರೆ ಬೆಂಗಳೂರೇ" ಎಂದರು.

ಕೋಣೆಯಲ್ಲಿ ಮೇಡಂ ಮೊದಲು ಮರದ ಹಲಗೆ ಕೊಟ್ಟರು. ಅದರ ಗುಳಿಗಳಿಗೆ ಸರಿಯಾದ ತುಂಡುಗಳನ್ನು ಕೂರಿಸಬೇಕು. ಕೂರಿಸಿದೆ. ಬಣ್ಣ ಬಳಿದ ಮರದ ಚೌಕಗಳನ್ನು ಜೋಡಿಸಿ ಚಿತ್ರ ಮಾಡಬೇಕು. ಮಾಡಿದೆ. ಅಷ್ಟು ಹೊತ್ತೂ ಇದು ಪರೀಕ್ಷೆ ಎಂದು ನನಗೆ ಅನ್ನಿಸಿರಲಿಲ್ಲ. ಅಪ್ಪ ಇದನ್ನು ಹೇಳಿಕೊಟ್ಟಿರಲಿಲ್ಲವಲ್ಲ. ಆಮೇಲೆ ಮೇಡಂ ಕುರ್ಚಿ ಹತ್ತಿರ ಎಳೆದುಕೊಂಡು, "ಈಗ ನಾನೊಂದಷ್ಟು ಕೇಳ್ತೀನಿ ಪುಟ್ಟಿ. ನೀನು ಊರಿಗೆ ಹೋಗ್ಬೇಕು, ಬಸ್ ತಪ್ಪಿ ಹೋಯ್ತು. ಏನ್ ಮಾಡ್ತೀಯಾ?" ಎಂದರು.

ನಾನು ಕೈ ಕಟ್ಟಿಕೊಂಡು ನಿಂತು, "ನೀರು ಹಾಕಿ ಆರಿಸ್ತೀನಿ. ದೊಡ್ಡೋರ್ನ ಕೂಗ್ತೀನಿ" ಎಂದೆ.

ಮೇಡಂ ಸೆರಗು ಸುತ್ತುವುದನ್ನು ನಿಲ್ಲಿಸಿದರು. "ಪಕ್ಕದ ಹುಡುಗಿ ಸ್ಲೇಟು ನಿನ್ನ ಕೈಯಿಂದ ಬಿದ್ದು ಒಡೆದುಹೋಯ್ತು. ಆಗ?"

"ಮುಂದಿನ ಬಸ್ಸಿಗೆ ಕಾಯ್ತೀನಿ."

"ಮಾವಿನಹಣ್ಣು, ಬಾಳೆಹಣ್ಣು. ಎರಡೂ ಯಾವ ತರದಲ್ಲಿ ಒಂದೇ?"

"ತಪ್ಪಾಯ್ತು ಅಂತ ಕೇಳ್ಕೊಂಡು ಹೊಸದು ತಂದ್ಕೊಡ್ತೀನಿ."

ಇವತ್ತು ಹೇಳುವಾಗ ನಗು ಬರುತ್ತದೆ. ಮಗಳೂ ಪೆನ್ನು ಕೆಳಗಿಟ್ಟು ನಗುತ್ತಿದ್ದಾಳೆ. ಅವತ್ತು ಆದದ್ದು ಇಷ್ಟು. ಅಪ್ಪ ಹೇಳಿಕೊಟ್ಟ ಪಟ್ಟಿಯಲ್ಲಿ ಮೊದಲನೆಯದು ಮನೆಗೆ ಬೆಂಕಿ ಬಿದ್ದರೆ ಏನು ಮಾಡುತ್ತೀ ಎನ್ನುವ ಪ್ರಶ್ನೆ. ಮೇಡಂ ಅದನ್ನು ಕೇಳಲೇ ಇಲ್ಲ, ಎರಡನೆಯದರಿಂದ ಶುರುಮಾಡಿದರು. ನಾನು ಪ್ರಶ್ನೆ ಕೇಳಿಸಿಕೊಳ್ಳುತ್ತಿದ್ದರೆ ತಾನೆ? ಮೇಡಂ ಮಾತು ನಿಲ್ಲಿಸುವುದನ್ನು ಕಾಯುವುದು, ನನ್ನ ಸರದಿಯದನ್ನು ಒಪ್ಪಿಸುವುದು. ಶಾಲೆಯಲ್ಲಿ ಐದು ವರ್ಷ ಮಾಡಿದ್ದೂ ಅದನ್ನೇ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ನನ್ನ ಹಣೆಬರಹ ಮುಗಿದಿತ್ತು. ಮೇಡಂ ಲವಂಗವನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದೂಡಿ, ಮೆಲ್ಲಗೆ, "ಮೊದಲಿಂದ ಎಲ್ಲ ಒಂದೇ ಸಲ ಹೇಳ್ಬಿಡು ಪುಟ್ಟಿ, ನಾನು ಏನೂ ಕೇಳಲ್ಲ" ಎಂದರು. ನನಗೆ ಹೋದ ಜೀವ ಬಂದಂತಾಯಿತು. ಶುರುಮಾಡಿದೆ. ಬೆಂಕಿ, ಬಸ್ಸು, ಸ್ಲೇಟು, ಹಣ್ಣು, ಮುಂದಿನದೆಲ್ಲ. ನಡುನಡುವೆ ಅಪ್ಪ ಹೇಳಿದ್ದ "ಕೈ ಕಟ್ಕೋ", "ಮೂಗಿಗೆ ಬೆರಳು ಹಾಕ್ಬೇಡ", "ಮೇಡಂ ಏನಾರ ನಕ್ರೆ ನೀನು ನಗ್ಬೇಡ" ಎನ್ನುವುದನ್ನೂ ಸೇರಿಸಿ ಒಂದು ಉಸಿರಿಗೆ ಒಪ್ಪಿಸಿದೆ.

ಮೇಡಂ ನಗಲಿಲ್ಲ. ಎದ್ದು ಹೋಗಿ ಐದನೇ ಕ್ಲಾಸಿನ ಕನ್ನಡ ಪುಸ್ತಕ ತಂದು ಒಂದು ಪಾಠ ತೆಗೆದುಕೊಟ್ಟರು. ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದೆ. ಅವರು ತಮ್ಮ ಅಂಗೈಯನ್ನು ಪುಟದ ಮೇಲೆ ಇಟ್ಟು ಮುಚ್ಚಿದರು. ನಾನು ಓದುತ್ತಲೇ ಇದ್ದೆ. ಪುಟ ತಿರುವಿ ಬೇರೆ ಪಾಠ ತೆಗೆದರು. ನಾನು ಹಳೆಯ ಪಾಠವನ್ನೇ, ಬೆರಳು ಸರಿಸುತ್ತಾ, ಎಲ್ಲೂ ತಡವರಿಸದೆ ಓದಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಸಿಕ್ಕಿಬಿದ್ದೆ ಎಂದು ನನಗೆ ಗೊತ್ತಾಯಿತು. "ಬೆಂಗಳೂರಿಗೆ ಕಳಿಸ್ಬೇಡಿ ಮೇಡಂ. ನಾನು ಓದಲ್ಲ, ಮನೇಲೇ ಪಾತ್ರೆ ತೊಳ್ಕೊಂಡು ಇರ್ತೀನಿ" ಎಂದು ಅತ್ತೆ.

ಆಮೇಲೆ ಅಪ್ಪನನ್ನು ಒಳಗೆ ಕರೆಸಿ ಬೈದರು ನೋಡಿ. ಶಾಂತ ಸ್ವಭಾವವಂತೆ. ಆ ಕೋಣೆಯ ಗಾಜು ಅದುರಿತು. "ಮೇಷ್ಟ್ರೇ, ಆತುರಗಾರನಿಗೆ ಬುದ್ಧಿ ಮಟ್ಟ ಅನ್ನೋದು ನಿಮಗೇ ಹೇಳಿದ್ದು. ಇವಳು ಒಂದು ದಿನವೂ ಓದಿಲ್ಲ. ಪಕ್ಕದ ಮಕ್ಕಳು ಓದಿದ್ದನ್ನ ಕೇಳಿಸ್ಕೊಂಡು ಇಡೀ ಪುಸ್ತಕ ಬಾಯಿಪಾಠ ಮಾಡಿದಾಳೆ. ಐದು ವರ್ಷ ನಿಮ್ಮ ಕಣ್ಣೆದುರಿಗೇ. ದಡ್ಡರ ಕೈಲಾಗೋ ಕೆಲಸವಾ ಇದು? ನಾನು ಮಾಡ್ತೀನಾ? ನೀವು ಮಾಡ್ತೀರಾ?"

ಅಪ್ಪ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. "ಹಂಗಾರೆ ಹೆಡ್‌ಮಾಸ್ಟ್ರಿಗೆ ಏನಂತ ಬರ್ಕೊಡ್ತೀರಿ ಮೇಡಂ?" ಎಂದು ಮಾತ್ರ ಕೇಳಿದರು.  ಮೇಡಂ ಬೆರಳು ಮತ್ತೆ ಸೆರಗು ಸುತ್ತತೊಡಗಿತು. ಕೊನೆಗೆ, "ಬರ್ಕೊಡ್ತೀನಿ. ನಾನೇ ಬರ್ತೀನಿ" ಎಂದರು.

ಸೋಮವಾರ ಗುಬ್ಬಿಗೆ ಬಂದೇಬಿಟ್ಟರು. ಹೆಡ್‌ಮಾಸ್ಟರ ಎದುರಿಗೆ ಕುರ್ಚಿ ತುದಿಯಲ್ಲಿ ಕೂತು, ಈ ಹುಡುಗಿಗೆ ಇರುವುದು ಓದಿನ ತೊಡಕು, ಬುದ್ಧಿಯ ಕೊರತೆಯಲ್ಲ, ಮಾಮೂಲಿ ಶಾಲೆಯಲ್ಲೇ ಇರಬೇಕು ಎಂದರು. "ತೊಡಕು" ಅವರದೇ ಮಾತು. ದಾರ ತೊಡಕಾದರೆ ಎಸೆಯುತ್ತೀವಾ, ಬಿಡಿಸುತ್ತೀವಾ ಎಂದು ಕೇಳುವರು. ಹೆಡ್‌ಮಾಸ್ಟರು ಬುದ್ಧಿವಂತರು. "ಅದೆಲ್ಲ ಸರಿ ಮೇಡಂ, ನಂಬರ್ ಎಷ್ಟು ಬಂದೈತೆ?" ಎಂದರು.

"ಸಾಕಷ್ಟು ಬಂದಿದೆ."

"ಸಾಕಷ್ಟು ಅಂದ್ರೆ?"

"ನಿಮಗೂ ನನಗೂ ಇರೋವಷ್ಟು."

ಹೆಡ್‌ಮಾಸ್ಟರು ಕೆಮ್ಮಿ, "ಆಯ್ತು, ಏಳನೇ ಕ್ಲಾಸ್ ಪರೀಕ್ಷೆ ತನಕ ಇಟ್ಕೋತೀನಿ. ಅದ್ರಲ್ಲಿ ಡುಮ್ಕಿ ಹೊಡುದ್ರೆ ಬೆಂಗಳೂರೇ, ಜವಾಬ್ದಾರಿ ನಿಮ್ದೇ" ಎಂದರು. ಮೇಡಂ ಹೂಂ ಎಂದರು. ಅವರು ಎದ್ದಾಗ ಮೇಜಿನ ಮೇಲಿದ್ದ ನೀರಿನ ಲೋಟ ಕೈತಾಗಿ ಉರುಳಿತು.

ಅಲ್ಲಿಂದ ಎರಡು ವರ್ಷ, ಪ್ರತಿ ಶನಿವಾರ ನಾನು ತುಮಕೂರಿಗೆ. ತಟ್ಟೆಯಲ್ಲಿ ರಾಗಿ ಹಿಟ್ಟು ಹರವಿ ಅದರ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುವರು, ಬಾಯಲ್ಲಿ ಗಟ್ಟಿಯಾಗಿ ಹೇಳಿಸುವರು. ಮನೆಯಲ್ಲೂ ಹಾಗೇ ಮಾಡಬೇಕು ಎಂದಾಗ ಅಮ್ಮ "ಮುದ್ದೆಗೆ ಇಲ್ದಿದ್ರೂ ಇವಳ ಅಕ್ಷರಕ್ಕೆ ಹಿಟ್ಟು" ಎಂದು ಗೊಣಗಿದಳು. ಇಂಗ್ಲಿಷಿನ ಪುಸ್ತಕಗಳಲ್ಲಿ ಇಂಥ ಮಕ್ಕಳು ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯುತ್ತಾರೆ ಎಂದು ಇತ್ತಂತೆ. ಮೇಡಂ ಶುರುವಿನಲ್ಲಿ ನಮ್ಮ ಕಡೆಯ ಮಕ್ಕಳ ಬರಹದಲ್ಲಿ ತಿರುಗಿಸಿದ ಅಕ್ಷರ ಹುಡುಕಿ ಹುಡುಕಿ ಸಾಕಾಗಿ, ಕನ್ನಡದವರಿಗೆ ಈ ತೊಂದರೆಯೇ ಇಲ್ಲವೇನೋ ಎಂದುಕೊಂಡಿದ್ದರು. ಆಮೇಲೆ ತಿಳಿಯಿತಂತೆ, ನಾವು ಮುಗ್ಗರಿಸುವುದು ಒತ್ತಿನಲ್ಲಿ, ದೀರ್ಘದಲ್ಲಿ, ಕೊಂಬಿನಲ್ಲಿ. ಒಂದು ಸಲ ನಾನು, "ಸೂರ್ಯ ಅನ್ನುವಾಗ ರ್ ಮೊದ್ಲು ಕೇಳ್ಸುತ್ತೆ, ಯ ಆಮೇಲೆ. ಬರೆಯುವಾಗ ಯಾಕೆ ಯ ಮೊದ್ಲು ಬರೆದು ರ್ ಆಮೇಲೆ ಹಾಕ್ತೀರಾ?" ಎಂದು ಜಗಳಕ್ಕೆ ನಿಂತೆ. ಅವರು ಯೋಚಿಸಿ, "ನಂಗೂ ಗೊತ್ತಿಲ್ಲ ಕಣೇ. ಇಷ್ಟು ದಿನ ಕೇಳ್ಬೇಕು ಅಂತಲೇ ಹೊಳೀಲಿಲ್ಲ" ಎಂದರು. ಗೊತ್ತಿಲ್ಲ ಎಂದು ನನಗೆ ಹೇಳಿದ ಮೊದಲ ದೊಡ್ಡವರು ಅವರು. ಆವತ್ತಿನಿಂದ ನನಗೆ ಅವರೆಂದರೆ ಪ್ರಾಣ.

ಒಂದು ಶನಿವಾರ ಪಾಠ ಮಾಡದೆ, ನನ್ನನ್ನು ಕರೆದುಕೊಂಡು ಕುಣಿಗಲ್ ಬಸ್ಸು ಹತ್ತಿದರು. ಕುಣಿಗಲ್ಲಿನಿಂದ ಆಚೆ ಒಂದು ಹಳ್ಳಿ. ಒಂದು ಮನೆಯ ಮುಂದೆ ಹೆಂಗಸೊಬ್ಬಳು ಹುರುಳಿ ಒಕ್ಕುತ್ತಿದ್ದಳು. ಮೇಡಂ ನನ್ನ ಕೈ ಬಿಡಲೇ ಇಲ್ಲ.  "ಹುಡುಗ ಹೆಂಗಿದಾನಮ್ಮ?" ಎಂದು ಕೇಳಿದರು.

"ಬನ್ನಿ ಅಮ್ಮಾವ್ರೆ, ಕುಂತ್ಕಳಿ. ಅವ್ನಾ? ದನ ಹೊಡ್ಕೊಂಡ್ ಹೋಗವ್ನೆ. ಹಾಸ್ಟೆಲ್ಲಿಂದ ಬಂದಾಗ್ಲಿಂದ ಮಾತೇ ಬುಟ್ಬುಟ್ಟವ್ನೆ. ದನದ್ ತಾವ ಮಾತ್ರ ಆಡ್ತನೆ. ಬುಡಿ, ನಮ್ಮ ಹಣೇಲಿ ಬರ್ದಿದ್ದು" ಎಂದು ಆಕೆ ಒಳಗೆ ಹೋಗಿ ನಮ್ಮಿಬ್ಬರಿಗೂ ಮಜ್ಜಿಗೆ ತಂದುಕೊಟ್ಟಳು. ಮೇಡಂ ಲೋಟ ಹಿಡಿದುಕೊಂಡು ಕೂತರು, ಕುಡಿಯಲಿಲ್ಲ. ಆಕೆ ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು ಎಂದು ಬಸ್‌ಸ್ಟಾಪಿನಲ್ಲಿ ತಮಗೆ ತಾವೇ ಹೇಳಿಕೊಂಡರು.

ಬಸ್ಸಿನಲ್ಲಿ ನಾನು ಕೇಳಿದ್ದಕ್ಕೆ ಹೇಳಿದರು. ಅವರು ತುಮಕೂರಿಗೆ ಬಂದ ಹೊಸದರಲ್ಲಿ ಆ ಹುಡುಗನನ್ನು ಪರೀಕ್ಷೆ ಮಾಡಿದ್ದರು. ಮನೆಗೆ ಬೆಂಕಿ ಬಿದ್ದರೆ ಏನು ಮಾಡುತ್ತೀಯೆ ಎಂದು ಕೇಳಿದರೆ ಅವನು "ದನ ಬಿಚ್ಚಿ ಬುಡ್ತೀನಿ" ಎಂದ. ಪುಸ್ತಕದಲ್ಲಿ ಬರೆದಿದ್ದ ಉತ್ತರ ನೀರು ಹಾಕುವುದು, ಯಾರನ್ನಾದರೂ ಕೂಗುವುದು. ದನಕ್ಕೂ ಬೆಂಕಿಗೂ ಏನು ಸಂಬಂಧ ಎಂದು ಇವರು ಸೊನ್ನೆ ಹಾಕಿದರು. ಅಂಥವೇ ಇನ್ನೂ ಕೆಲವು ಸೊನ್ನೆ. ಸೊನ್ನೆಗಳು ಸೇರಿ ಹುಡುಗ ಬುದ್ಧಿಮಾಂದ್ಯನಾದ, ಬೆಂಗಳೂರು ಸೇರಿದ. ಮುಂದೆ ಒಂದು ಬೇಸಿಗೆ ಹಳ್ಳಿಯೊಂದರಲ್ಲಿ ಗುಡಿಸಲಿಗೆ ಬೆಂಕಿ ಬಿದ್ದದ್ದನ್ನು ಇವರು ಕಣ್ಣಾರೆ ಕಂಡರಂತೆ. ಎಲ್ಲರೂ ಮೊದಲು ಓಡಿದ್ದು ಕೊಟ್ಟಿಗೆಗೆ, ಹಗ್ಗ ಬಿಚ್ಚುವುದಕ್ಕೆ. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಕಣೇ. ನಾನೇ ಆ ದೊಣ್ಣೆ" ಎಂದರು. ಆಮೇಲೆ ಆ ಪ್ರಶ್ನೆಯನ್ನು ಅವರು ಯಾವ ಮಗುವಿಗೂ ಕೇಳಲಿಲ್ಲ. ಅದನ್ನು ಬಿಟ್ಟಿದ್ದರಿಂದಲೇ ನನ್ನ ಬಾಯಿಪಾಠ ತಲೆಕೆಳಗಾಗಿ ನನ್ನ ಗುಟ್ಟು ಬಯಲಾದದ್ದು.

ಏಳನೇ ಕ್ಲಾಸು ಪಾಸಾದೆ. ಕನ್ನಡದಲ್ಲಿ ಹೊಸ್ತಿಲು ದಾಟಿದಷ್ಟೇ. ಎಸ್ಸೆಸ್ಸೆಲ್ಸಿಗೆ ಎರಡು ಸಲ ಕಟ್ಟಬೇಕಾಯಿತು. ಎಂಬತ್ತರ ದಶಕದ ನಡುವೆ ತುಮಕೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ ಸಿಕ್ಕಿತು. ಕಿವಿಯ ಕೆಲಸ. ಊರಿನ ಅಂಗಡಿಗಳ ನಂಬರೆಲ್ಲ ನನ್ನ ಬಾಯಲ್ಲೇ ಇರುತ್ತಿದ್ದವು, ಡೈರೆಕ್ಟರಿ ಮುಟ್ಟುತ್ತಿರಲಿಲ್ಲ. ಮೊದಲ ದಿನ ಕೆಲಸ ಮುಗಿಸಿ ಮೇಡಂ ಮನೆಗೆ ಹೋದೆ. ಉಪ್ಪಿಟ್ಟು ಮಾಡಿಕೊಟ್ಟರು. ತಿನ್ನುತ್ತಾ, "ಅವತ್ತು ನಂಗೆ ಎಷ್ಟು ಬಂದಿತ್ತು ಮೇಡಂ?" ಎಂದು ಕೇಳಿದೆ.

"ಏನೂ ಬಂದಿರ್ಲಿಲ್ಲ."

"ಸೊನ್ನೆನಾ?"

"ಸೊನ್ನೆನೂ ಅಲ್ಲ. ಹೇಳ್ಕೊಟ್ಟು ಕೆಡಿಸಿದ ಪರೀಕ್ಷೆಗೆ ನಂಬರ್ ಹಾಕೋ ಹಾಗಿಲ್ಲ ಕಣೇ. ಕೆಲವು ತಿಂಗಳು ಬಿಟ್ಟು ಮತ್ತೆ ಮಾಡ್ಬೇಕು. ಅಷ್ಟರಲ್ಲಿ ನಿನ್ನ ಹಾಸ್ಟೆಲ್ಲಿಗೆ ಹಾಕ್ಬಿಡ್ತಿದ್ರು. ನಂಬರಿಲ್ಲದೆ ಬರ್ಕೊಟ್ಟೆ. ಸುಳ್ಳು."

"ಆಮೇಲಾದ್ರೂ ಮಾಡ್ಬೋದಿತ್ತಲ್ಲ?"

"ಮಾಡಿ, ನಾನು ಬರ್ಕೊಟ್ಟಿದ್ದೇ ತಪ್ಪು ಅಂತ ಬಂದ್ರೆ? ಧೈರ್ಯ ಆಗ್ಲಿಲ್ಲ. ಎರಡು ವರ್ಷ ನಂಗೆ ಸರಿಯಾಗಿ ನಿದ್ದೆ ಇಲ್ಲ." ಸೆರಗು ಬೆರಳಿಗೆ ಸುತ್ತುತ್ತಾ ಮುಂದುವರಿಸಿದರು. "ನಿನ್ನ ಏಳನೇ ಕ್ಲಾಸಿನ ರಿಸಲ್ಟ್ ದಿನ ಗುಬ್ಬಿಗೆ ಬಂದಿದ್ದೆ. ಒಳಗೆ ಬರಕ್ಕೆ ಕಾಲು ಏಳಲಿಲ್ಲ, ಗೇಟಿನ ಹತ್ರಾನೇ ನಿಂತಿದ್ದೆ. ನಿಮ್ಮಪ್ಪ ಆಚೆ ಬಂದು ಗೋಡೆಗೆ ಒರಗಿಕೊಂಡು ಅಳ್ತಿದ್ರು. ಫೇಲು ಅಂದ್ಕೊಂಡೆ. ಮಾತಾಡಿಸ್ದೆ ಬಸ್ಸು ಹತ್ಬಿಟ್ಟೆ."

ಅಪ್ಪ ಅಳುವುದನ್ನು ನಾನು ಹುಟ್ಟಿದ ಮೇಲೆ ನೋಡಿದ್ದು ಅದೊಂದೇ ದಿನ, ಖುಷಿಗೆ. ಅದು ಬುಧವಾರ. ಮೇಡಂಗೆ ಹೇಳಲು ನಾನು ಹೋದದ್ದು ಶನಿವಾರ, ಎಂದಿನ ಹಾಗೆ. ಆ ನಡುವಿನ ದಿನಗಳನ್ನು ಅವರು ಹೇಗೆ ಕಳೆದರೋ ನಾನು ಕೇಳಲಿಲ್ಲ. ಆ ಶನಿವಾರ ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಕೋಣೆಯ ಬಾಗಿಲು ತೆಗೆದವರೇ, ನಾನು ಬಾಯಿ ತೆರೆಯುವ ಮೊದಲೇ ನನ್ನ ಎರಡೂ ಭುಜ ಹಿಡಿದುಕೊಂಡು, "ಬೆಂಗಳೂರಿಗೆ ನಾನೂ ನಿನ್ನ ಜತೇಲಿ ಬರ್ತೀನಿ ಕಣೇ. ಅಲ್ಲೇ ಇರ್ತೀನಿ. ಹೆದರ್ಬೇಡ" ಎಂದಿದ್ದರು. ಪಾಸಾದದ್ದಕ್ಕೆ ಬೆಂಗಳೂರು ತೋರಿಸುತ್ತಾರೆ ಎಂದುಕೊಂಡು ನಾನು ಕುಣಿದಾಡಿದ್ದೆ.